ಎದೆಯ ಗಾಯ ಮಾಗಿದ ಮೇಲೆ

ಪವಿತ್ರಾಳ ಮರುಮದುವೆಯ ಮಾತು ಮನೆಯಲ್ಲಿ ಎದ್ದ ದಿನವೇ ಅವಳ ಮಾವ ಭೂತಯ್ಯ ಎದೆ ಹಿಡಿದುಕೊಂಡು ಜಗಲಿಯಲ್ಲಿ ಕುಸಿದರು. ಕೊಟ್ಟಿಗೆಹಾರದಿಂದ ಹೊರಟ ಆಂಬುಲೆನ್ಸ್ ಚಾರ್ಮಾಡಿ ಘಾಟಿ ಇಳಿದು ಮಂಗಳೂರು ಸೇರುವವರೆಗೂ ಅತ್ತೆ ದೇವೀರಮ್ಮ ಸೊಸೆಯ ಮುಖ ನೋಡಲಿಲ್ಲ. ಹೃದಯದ ರಕ್ತನಾಳಗಳು ಕಟ್ಟಿಕೊಂಡಿವೆ, ಬೈಪಾಸ್ ಮಾಡಲೇಬೇಕು ಎಂದು ಡಾಕ್ಟರು ಹೇಳಿಹೋದ ಮೇಲೆ, ಆಪರೇಷನ್ ಥಿಯೇಟರಿನ ಹೊರಗೆ ಬೆಂಚಿನ ಮೇಲೆ ಕೂತ ದೇವೀರಮ್ಮ ಮೆಲ್ಲಗೆ ಬಾಯಿಬಿಟ್ಟರು.

“ನನ್ನ ಮಗನನ್ನ ಆ ಕರೆಂಟಿನ ತಂತಿ ತಿಂತು. ಗಂಡನನ್ನ ನಿನ್ನ ಆಸೆ ತಿನ್ನೋದು ಬೇಡ ಪವಿತ್ರಾ...”

ಪವಿತ್ರಾ ತುಟಿ ಕಚ್ಚಿ ಕೂತಳು. ಮದುವೆಯಾಗಿ ವರ್ಷ ತುಂಬುವ ಮೊದಲೇ ಅವಳ ಗಂಡ ದಯಾನಂದ ಹೋಗಿದ್ದ. ಎಸ್ಟೇಟಿನಲ್ಲಿ ಕಾಳುಮೆಣಸು ಕೊಯ್ಯುತ್ತಿದ್ದಾಗ ಅವನ ಅಲ್ಯೂಮಿನಿಯಂ ಏಣಿ ವಾಲಿ ವಿದ್ಯುತ್ ತಂತಿಗೆ ತಾಗಿತ್ತು. ತಂದೆತಾಯಿಯಿಲ್ಲದ ಹುಡುಗಿ ಅವಳು, ವಾಪಸ್ಸು ಹೋಗಲು ತವರೂ ಇರಲಿಲ್ಲ. ಹಗಲು ಮೂಡಿಗೆರೆಯ ಟೈಲರ್ ಅಂಗಡಿಯಲ್ಲಿ ಹೊಲಿದು, ಸಂಜೆ ಬಸ್ಸಿಳಿದು ಬಂದು, ಮಗನಿಲ್ಲದ ಆ ಇಬ್ಬರ ಮನೆಯಲ್ಲಿ ದೀಪ ಹಚ್ಚುತ್ತಿದ್ದಳು. ಅಂಗಡಿಯ ಪಕ್ಕದಲ್ಲಿ ಮೋಟಾರ್ ರಿಪೇರಿ ಮಾಡುವ ಬಸವರಾಜು ಬಹಳ ದಿನ ಸುಮ್ಮನೆ ನೋಡಿ, ಕಡೆಗೊಮ್ಮೆ ನೇರವಾಗಿ ಕೇಳಿದ್ದ. ಒಲ್ಲೆ ಎನ್ನಲು ಅವಳಿಗೆ ಮನಸ್ಸು ಬಂದಿರಲಿಲ್ಲ. ಅಷ್ಟೇ ಅವಳ ತಪ್ಪು.

ರಕ್ತ ಬೇಕೆಂದಾಗ ಆ ಬಸವರಾಜುವೇ ಮಂಗಳೂರಿಗೆ ಬಂದು ಕೊಟ್ಟ. ದೇವೀರಮ್ಮ ಅತ್ತ ತಿರುಗಿ ಕೂತರು. ಅವನು ದೂರದಿಂದಲೇ ಕೈಮುಗಿದು ಹೊರಟುಹೋದ.

ಐಸಿಯುವಿನಿಂದ ವಾರ್ಡಿಗೆ ಬಂದ ಭೂತಯ್ಯನವರ ಎದೆಯ ನಡುವೆ ಉದ್ದದ ಗಾಯ, ಬೈಪಾಸಿಗೆಂದು ರಕ್ತನಾಳ ತೆಗೆದ ಕಾಲಿನಲ್ಲಿ ಇನ್ನೊಂದು. ದೇವೀರಮ್ಮ ಅದನ್ನು ನೋಡಲಾರದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನರ್ಸ್ ದಿವ್ಯಾ ಹೇಳಿಕೊಟ್ಟದ್ದನ್ನೆಲ್ಲ ಕಲಿತವಳು ಪವಿತ್ರಾ. ಕೆಮ್ಮು ಬಂದಾಗ ದಿಂಬನ್ನು ಎದೆಗೆ ಒತ್ತಿ ಹಿಡಿಯಬೇಕು. ಏಳುವಾಗ ಕೈ ಊರಲು ಬಿಡದೆ ಬೆನ್ನಿಗೆ ಆಸರೆ ಕೊಡಬೇಕು. ಉಸಿರೆಳೆದರೆ ಚೆಂಡು ಮೇಲೇರುವ ಪ್ಲಾಸ್ಟಿಕ್ ಡಬ್ಬಿಯನ್ನು ಬೇಸರವೆಂದರೂ ಬಿಡದೆ ಬಾಯಿಗಿಡಿಸಬೇಕು. ಎಷ್ಟೋ ಎಸ್ಟೇಟಾಳುಗಳನ್ನು ಒಂದು ಕೂಗಿಗೆ ನಿಲ್ಲಿಸುತ್ತಿದ್ದ ಮೇಸ್ತ್ರಿ ಭೂತಯ್ಯ, ಸೊಸೆ “ಇನ್ನೊಂದ್ಸಲ ಮಾವ” ಎಂದರೆ ಶಾಲೆಯ ಮಗುವಿನಂತೆ ಉಸಿರೆಳೆಯುತ್ತಿದ್ದರು.

ಮನೆಗೆ ಬಂದ ಮೇಲೆ ಪವಿತ್ರಾ ಅಂಗಡಿಯ ಕೆಲಸ ಬಿಟ್ಟಳು. ಉಪ್ಪು ಕಡಿಮೆಯ ಗಂಜಿ, ಹೊತ್ತುಹೊತ್ತಿಗೆ ಮಾತ್ರೆ, ಕಾಲಿನ ಗಾಯ ಒರೆಸಿ ಒಣಗಿಸುವುದು, ಕೈ ಹಿಡಿದು ಅಂಗಳದಲ್ಲಿ ನಡೆಸುವುದು... ದಿನಗಳು ಇದರಲ್ಲೇ ಹೋದವು. ಒಮ್ಮೆ ಬಸವರಾಜು ಹಣ್ಣು ತಂದು ಗೇಟಿನ ಬಳಿ ನಿಂತ. ದೇವೀರಮ್ಮ ಒಳಗೆ ಕರೆಯಲಿಲ್ಲ. ಅವನು ಹೋದ ದಾರಿಯನ್ನು ಪವಿತ್ರಾ ಅಡಿಗೆಮನೆಯ ಕಿಟಕಿಯಿಂದ ನೋಡುತ್ತಲೇ ನಿಂತಿದ್ದಳು. ಒಲೆಯ ಮೇಲಿನ ಗಂಜಿ ಉಕ್ಕಿ ಚೆಲ್ಲಿದ್ದೂ ಅವಳಿಗೆ ತಿಳಿಯಲಿಲ್ಲ.

ಮತ್ತೆ ತೋರಿಸಲು ಹೋದಾಗ ಡಾಕ್ಟರು, ಸೀಳಿದ ಎದೆಯ ಎಲುಬು ಚೆನ್ನಾಗಿ ಕೂಡಿದೆ, ಇನ್ನು ತಮ್ಮ ಕೆಲಸ ತಾವೇ ಮಾಡಿಕೊಳ್ಳಬಹುದು ಎಂದರು. ಆದರೆ ಮನೆಗೆ ಬಂದ ಭೂತಯ್ಯ ಯಾಕೋ ಚೇತರಿಸಿಕೊಳ್ಳಲೇ ಇಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಉಸಿರು ಕಟ್ಟುತ್ತದೆ ಎನ್ನುವರು. ಸೊಸೆ ಬಂದು ಬೆನ್ನಿಗೆ ಕೈ ಕೊಡದೆ ಹಾಸಿಗೆ ಬಿಟ್ಟು ಏಳುವುದಿಲ್ಲ. ದೇವೀರಮ್ಮನೂ ಏಳಿ ಎಂದು ಒತ್ತಾಯಿಸಲಿಲ್ಲ.

ಒಂದು ಬೆಳಿಗ್ಗೆ ಹಿತ್ತಿಲಿನಲ್ಲಿ ಪವಿತ್ರಾ ಫೋನಿನಲ್ಲಿ ಮಾತಾಡುತ್ತಿದ್ದುದು ಭೂತಯ್ಯನವರ ಕಿವಿಗೆ ಬಿತ್ತು. ಬಸವರಾಜುವಿನ ತಾಯಿ ಬೇರೆ ಹುಡುಗಿ ನೋಡಲು ಅವಸರ ಮಾಡುತ್ತಿದ್ದರಂತೆ.

“ನೀವು ಒಪ್ಕೊಂಬಿಡಿ. ಮಾವನಿಗೆ ಇನ್ನೂ ವಾಸಿಯಾಗ್ಲಿಲ್ಲ... ನನ್ನ ದಾರಿ ಕಾಯ್ಬೇಡಿ.”

ಆಮೇಲೆ ಮಾತು ಕೇಳಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡು ಅಳುವ ಸದ್ದು ಮಾತ್ರ ಕೇಳಿತು.

ಭೂತಯ್ಯ ಎದ್ದು ಕೂತರು. ಯಾರನ್ನೂ ಕರೆಯದೆ ಕಾಲು ಕೆಳಗಿಟ್ಟು, ಎದ್ದು, ನೇರ ಅಡಿಗೆಮನೆಗೆ ನಡೆದು ಬಂದರು. ಅಕ್ಕಿ ಆರಿಸುತ್ತಿದ್ದ ದೇವೀರಮ್ಮ ಬೆಚ್ಚಿದರು.

“ನನಗೆ ವಾಸಿಯಾಗಿ ಬಹಳ ದಿನ ಆಯ್ತು ಮಾರಾಯ್ತಿ,” ಎಂದರು ಭೂತಯ್ಯ. “ಎದ್ರೆ ಅವಳು ಹೋಗ್ತಾಳೆ ಅಂತ ಮಲಗಿದ್ದೆ. ನಿನಗೂ ಗೊತ್ತಿತ್ತು.”

ದೇವೀರಮ್ಮ ತಲೆ ತಗ್ಗಿಸಿದರು. ಮೊರದ ಅಕ್ಕಿಯ ಮೇಲೆ ಬೆರಳಾಡಿಸಿದರು.

“ಗೊತ್ತಿತ್ತು... ಅವಳು ಒಳಗೆ ಓಡಾಡ್ತಿದ್ರೆ, ದಯಾನಂದ ತೋಟಕ್ಕೆ ಹೋಗಿದಾನೆ, ಬರ್ತಾನೆ ಅಂತ ಅನ್ಸೋದು ನಂಗೆ. ಅವಳೂ ಹೋದ್ರೆ ನಾನು ಯಾರ ದಾರಿ ಕಾಯ್ಲಿ?”

“ಅವತ್ತು ನಾನು ಬಿದ್ದದ್ದು ಅವಳ ಮದುವೆ ಮಾತಿಗಲ್ಲ. ಅದಕ್ಕೂ ಎಷ್ಟೋ ಮುಂಚಿಂದ ಎದೆ ನೋಯ್ತಿತ್ತು, ನಾನೇ ಹೇಳಿರ್ಲಿಲ್ಲ. ನಮ್ಮ ಹುಡುಗ ಬರಲ್ಲ ದೇವಿ. ಡಾಕ್ಟರು ಎದೆ ಸೀಳಿ ಹೊಲಿದ್ರು, ಅವನ ನೋವು ಅಲ್ಲೇ ಇದೆ. ಅದು ಇರ್ಲಿ. ಅದಕ್ಕೆ ಆ ಹುಡುಗೀನ ಕಟ್ಟಿಹಾಕೋದು ಬೇಡ.”

ಬಾಗಿಲಲ್ಲಿ ಪವಿತ್ರಾ ನಿಂತಿದ್ದಳು. ಮಾವ ಯಾರ ಆಸರೆಯೂ ಇಲ್ಲದೆ ನಿಂತದ್ದನ್ನು ಕಂಡು ಅವಳ ಮುಖ ಅರಳಿತು, ಮರುಕ್ಷಣವೇ ಕಣ್ಣು ತುಂಬಿತು. ತಾನೆಲ್ಲಿಗೂ ಹೋಗುವುದಿಲ್ಲ ಎಂದು ತೊದಲಿದಳು. ದೇವೀರಮ್ಮ ಮೊರ ಬದಿಗಿಟ್ಟು ಎದ್ದು ಬಂದರು. ಆಸ್ಪತ್ರೆಯ ಬೆಂಚಿನ ಮೇಲೆ ಆಡಿದ ಮಾತಿಗಾಗಿ ಕ್ಷಮೆ ಕೇಳಲು ಹೊರಟು, ಕೇಳಲಾಗದೆ, ಸೊಸೆಯ ತಲೆಯನ್ನು ತಮ್ಮ ಹೆಗಲಿಗೆ ಒತ್ತಿಕೊಂಡರು.

“ಅವನಿಗೆ ಫೋನ್ ಮಾಡು ಮಗಾ. ಮನೆಗೆ ಬಾ ಅಂತ ಅತ್ತೆ ಕರೀತಿದಾರೆ ಅನ್ನು.”

ಮದುವೆ ಮೂಡಿಗೆರೆಯ ಸಣ್ಣ ದೇವಸ್ಥಾನದಲ್ಲಿ ನಡೆಯಿತು. ಧಾರೆ ಎರೆಯುವ ಹೊತ್ತಿಗೆ, ಹುಡುಗಿಯ ತಂದೆತಾಯಿ ಯಾರು ಎಂದು ಪುರೋಹಿತರು ಕೇಳಿದರು. ಭೂತಯ್ಯ ಹೆಂಡತಿಯ ಮುಖ ನೋಡಿದರು. ದೇವೀರಮ್ಮನೇ ಮೊದಲು ಮುಂದೆ ಬಂದು ನೀರಿನ ಚೊಂಬು ಎತ್ತಿಕೊಂಡರು. ಅವರು ಎರೆದ ಧಾರೆ ಎಲ್ಲೂ ಕಡಿಯಲಿಲ್ಲ.

ಮರುದಿನ ಸಂಜೆ ಭೂತಯ್ಯ ಒಬ್ಬರೇ ರಸ್ತೆಯವರೆಗೆ ನಡೆದು ಬಂದು ಜಗಲಿಯಲ್ಲಿ ಕೂತರು. ಒಳಗಿನಿಂದ ದೇವೀರಮ್ಮನ ದನಿ ಕೇಳಿತು.

“ಪವಿತ್ರಾ, ಮಾವನಿಗೆ ಬಿಸಿನೀರು...”

ದನಿ ಅಲ್ಲೇ ನಿಂತಿತು. ಸ್ವಲ್ಪ ಹೊತ್ತಿಗೆ ಅವರೇ ಲೋಟ ಹಿಡಿದು ಹೊರಗೆ ಬಂದು, ಗಂಡನ ಪಕ್ಕ ಕೂತರು. ಇಬ್ಬರೂ ರಸ್ತೆ ನೋಡಿದರು. ಮೂಡಿಗೆರೆಯಿಂದ ಬಂದ ಬಸ್ಸು ನಿಲ್ಲದೆ ಹೋಯಿತು.

“ಭಾನುವಾರ ಬರ್ತಾರಂತೆ,” ಎಂದರು ಭೂತಯ್ಯ.

“ಊಟಕ್ಕೆ ಇರ್ತಾರಾ?”

“ಇರ್ತಾರೆ.”

ಭಾನುವಾರ ಇನ್ನೂ ದೂರವಿತ್ತು. ದೇವೀರಮ್ಮ ಎದ್ದು ಒಳಗೆ ಹೋಗಿ, ಕಡುಬಿಗೆ ಅಕ್ಕಿತರಿ ಸಾಕಷ್ಟಿದೆಯೋ ಎಂದು ಡಬ್ಬ ತೆಗೆದು ನೋಡಿದರು.