ಹತ್ತಕ್ಕೆ ಎರಡು

“ನಿಮ್ಮ ದನಿ ಕೋಗಿಲೆ ಥರ ಇದೆ ಮೇಡಂ.”

ಹೊಸ ಕನ್ನಡ ಮೇಷ್ಟ್ರು ಅವಳ ಪಾಠವನ್ನು ಹೊರಗಿನಿಂದ ಕೇಳಿ, ಸ್ಟಾಫ್ ರೂಮಿಗೆ ಕಾಲಿಟ್ಟು ಆಡಿದ ಮೊದಲ ಮಾತೇ ಇದು! ಉತ್ತರಪತ್ರಿಕೆ ತಿದ್ದುತ್ತಿದ್ದ ಅವಳು ತಲೆ ಎತ್ತಲಿಲ್ಲ.

“ಸವಕಲು ಉಪಮೆ. ಹತ್ತಕ್ಕೆ ಎರಡು.”

ಅವನು ಬರುವವರೆಗೆ ಕಾಲೇಜಿನಲ್ಲಿ ಅಲಂಕಾರಗಳ ಪಾಠ ಅವಳೊಬ್ಬಳದೇ. ಹುಡುಗರು ಅವಳಿಗಿಟ್ಟ ಹೆಸರು ‘ಕೆಂಪು ಶಾಯಿ’. ಮೆಚ್ಚಿ ಬಂದವರನ್ನೂ ಅವಳು ತಿದ್ದಿಯೇ ವಾಪಸು ಕಳಿಸುತ್ತಿದ್ದಳು. ಇವಳ ಮದುವೆ ಇನ್ನು ಆದ ಹಾಗೇ ಅಂತ ಅಮ್ಮ ಕೈಚೆಲ್ಲಿ ಕೂತಿದ್ದಳು.

ಈ ಆಸಾಮಿ ಮಾತ್ರ ಜಗ್ಗಲಿಲ್ಲ. ಮರುದಿನ ‘ನಿಮ್ಮ ಕಣ್ಣೇ ದೀಪ’ ಎಂದ. ಎರವಲು ರೂಪಕವೆಂದು ಅವಳು ಮೂಗು ಮುರಿದಳು. ನೀವು ನಕ್ಕರೆ ಕಾಲೇಜೇ ಬೆಳಗುತ್ತದೆ ಎಂದ. ಅತಿಶಯೋಕ್ತಿ, ಕರೆಂಟ್ ಬಿಲ್ ಉಳಿಯಿತು ಬಿಡಿ ಎಂದಳು.

ಆದರೂ ಬೆಳಗಾದರೆ ಅವಳ ಕಿವಿ ಅವನ ಮಾತಿಗೆ ಕಾಯುತ್ತಿತ್ತು. ‘ಥೂ, ನನಗೇನು ಬಂದಿದೆ...’ ಎಂದು ತನ್ನನ್ನೇ ಬೈದುಕೊಂಡಳು.

ಒಂದು ಮಧ್ಯಾಹ್ನ ಪಕ್ಕದ ತರಗತಿಯಿಂದ, ಪ್ಲೈವುಡ್ ಗೋಡೆಯಾಚೆ, ಅವನ ದನಿ ಕೇಳಿಸಿತು. ಉತ್ಪ್ರೇಕ್ಷೆಗೆ ಉದಾಹರಣೆ ಬರೆಸುತ್ತಿದ್ದ. “ಅವಳು ಸುಮ್ಮನೆ ಕೂತರೆ, ಕೋಣೆಯೇ ಅವಳ ಮಾತಿಗಾಗಿ ಉಸಿರು ಹಿಡಿದು ಕಾದಿದೆಯೋ ಎನಿಸುತ್ತದೆ.”

ಪರವಾಗಿಲ್ಲವೇ, ಎಂಟು ಕೊಡಬಹುದು ಎಂದುಕೊಂಡಳು.

ಸಂಜೆ ಮೆಟ್ಟಿಲ ಹತ್ತಿರ ಅವಳನ್ನು ತಡೆದು, ಅವನು ಅದೇ ವಾಕ್ಯವನ್ನು ಅವಳಿಗೆ ಹೇಳಿದ. ಅವಳ ಮೈ ಉರಿಯಿತು.

“ಕ್ಲಾಸಿಗೆ ಬಡಿಸಿ ಮಿಕ್ಕಿದ್ದನ್ನ ನನಗೆ ತಂದಿದೀರಾ? ನಾನೇನು ನಿಮ್ಮ ಪಾಠದ ಉದಾಹರಣೆನಾ? ಸೊನ್ನೆ.”

ಅವನು ದಡದಡನೆ ಮೆಟ್ಟಿಲಿಳಿದು ಹೋದ.

ಆಮೇಲೆ ಅವನು ಅವಳೊಡನೆ ಮಾತೇ ಬಿಟ್ಟ. ಕೆಲವೇ ದಿನಗಳಲ್ಲಿ ಅಟೆಂಡರ್ ಸುದ್ದಿ ತಂದ. ಹೊಸ ಮೇಷ್ಟ್ರು ತಾವಾಗಿಯೇ ಕೇಳಿ ಇನ್ನೊಂದು ಊರಿನ ಕಾಲೇಜಿಗೆ ವರ್ಗ ಮಾಡಿಸಿಕೊಂಡಿದ್ದಾರೆ, ಇವತ್ತೇ ಕೊನೆ.

ಪೀಡೆ ತೊಲಗಿತು ಎಂದಳು. ಅಂದವಳೇ ಶುದ್ಧ ತಪ್ಪು ಉತ್ತರವೊಂದಕ್ಕೆ ಪೂರ್ತಿ ಅಂಕ ಹಾಕಿಬಿಟ್ಟಳು. ಅದನ್ನು ಕಂಡು ಅವಳಿಗೇ ಗಾಬರಿಯಾಯಿತು. ಪೆನ್ನು ಹಿಡಿದುಕೊಂಡೇ ಎದ್ದು ಓಡಿದಳು.

ಅವನು ಖಾಲಿ ತರಗತಿಯಲ್ಲಿ ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಿದ್ದ. ಹೇಳದೆ ಕೇಳದೆ ಓಡಿಹೋಗುವ ಹೇಡಿ ಎಂದು ಜರೆದಳು.

“ಹೂಂ, ಹೇಡಿನೇ,” ಎಂದ ಅವನು. “ನಿಮ್ಮ ಅಂಕ ಕಂಡರೆ ಭಯ. ಅದಕ್ಕೇ ಆ ಮಾತನ್ನ ಮೊದಲು ಕ್ಲಾಸಲ್ಲಿ ಹೇಳಿ, ತಪ್ಪು ಹುಡುಕಿ ಅಂದೆ. ಯಾರಿಗೂ ಸಿಗಲಿಲ್ಲ. ಆಮೇಲೇನೇ ನಿಮ್ಮ ಹತ್ರ ತಂದಿದ್ದು. ಅದು ನಿಮಗೆ ಅಂತಾನೇ ಬರೆದಿದ್ದು.”

ಪ್ರೀತಿಯ ಮಾತಿಗೆ ಪೂರ್ವಸಿದ್ಧತಾ ಪರೀಕ್ಷೆ ನಡೆಸಿದ ಪೆದ್ದ! ನಗುವೂ ಅಳುವೂ ಅವಳಿಗೆ ಒಟ್ಟಿಗೇ ಬಂದವು. ಅವನಿಗೆ ಆ ಭಯ ಹಚ್ಚಿದವಳು ತಾನೇ ಅಲ್ಲವೇ?

“ಅಲಂಕಾರ ಎಲ್ಲ ಆ ಕಡೆ ಇಡಿ. ಇರೋದನ್ನ ಹೇಳಿ.”

ಅವನು ಚೀಲ ಕೆಳಗಿಟ್ಟ.

“ಪಾಠ ಮುಗಿಸಿ ಬರುವಾಗ ನಿಮ್ಮ ಮೂಗಿನ ಮೇಲೆ ಚಾಕ್ ಪುಡಿ ಇರುತ್ತೆ. ಫೇಲಾದ ಹುಡುಗೀರನ್ನ ಎಲ್ಲರೆದುರು ಬೈತೀರಿ, ಆಮೇಲೆ ಬಾಗಿಲು ಹಾಕ್ಕೊಂಡು ಅವರಿಗೇ ಮತ್ತೆ ಪಾಠ ಮಾಡ್ತೀರಿ. ನೀವು ರಜಾ ಹಾಕಿದ ದಿನ ನನಗೆ ಊಟ ಸೇರಲ್ಲ. ನಿಮ್ಮನ್ನ ಬಿಟ್ಟು ಹೋಗೋಕೆ ನನಗಿಷ್ಟ ಇಲ್ಲ.”

ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಸ್ವಭಾವೋಕ್ತಿ. ಪ್ರತಿವರ್ಷವೂ ‘ಇದು ಪರೀಕ್ಷೆಗೆ ಬರಲ್ಲ’ ಎಂದು ತಾತ್ಸಾರದಿಂದ ಅವಳು ದಾಟಿಹೋಗುತ್ತಿದ್ದ ಅಲಂಕಾರ. ಈಗ ಅದೇ ಎದುರಿಗೆ ನಿಂತು ಅವಳ ಕಣ್ಣು ತುಂಬಿಸಿತ್ತು.

“ಹತ್ತಕ್ಕೆ... ಎಷ್ಟು?” ಅವನು ಅಳುಕುತ್ತ ಕೇಳಿದ.

ಅವಳು ಕೆಂಪು ಪೆನ್ನಿನ ಮುಚ್ಚಳ ಹಾಕಿದಳು.

“ವರ್ಗ ಬೇಡ ಅಂತ ಪ್ರಿನ್ಸಿಪಾಲರಿಗೆ ಹೇಳಿ ಬನ್ನಿ. ಆಮೇಲೆ ಮನೆಗೆ ಬಂದು, ಅಮ್ಮನ ಮುಂದೆ ಈಗ ಹೇಳಿದ್ದನ್ನೇ ಹೇಳಿ,” ಎಂದಳು. “ಒಂದಕ್ಷರವೂ ತಿದ್ದಬೇಡಿ.”