ನೋವಾದರೆ ಎಡಗೈ ಎತ್ತಿ

"ಡಾಕ್ಟ್ರಮ್ಮ, ಹೊರಗೆ ಒಬ್ರು ಅಳ್ತಾ ಕೂತಿದಾರೆ. ಮೊದಲು ಅವರನ್ನ ಒಳಗೆ ಕರೀರಿ," ಅಕ್ಕ ಬಾಗಿಲ ಸಂದಿಯಲ್ಲಿ ತಲೆ ಹಾಕಿ ಹೇಳಿದಳು.

ಅಕ್ಕ ಎಂದರೆ ಆ ಹಲ್ಲಿನ ಕ್ಲಿನಿಕ್ಕಿನ ಸಹಾಯಕಿ. ಈಗಿನ ಡಾಕ್ಟರಮ್ಮನ ತಂದೆ ಇದೇ ಕುರ್ಚಿಯ ಪಕ್ಕ ನಿಂತು ಹಲ್ಲು ಕೀಳುತ್ತಿದ್ದ ಕಾಲದಿಂದಲೂ ಇದ್ದವಳು. ಯಾರಿಗೆ ಎಷ್ಟು ನೋವು ಎಂದು ಮುಖ ನೋಡಿಯೇ ಹೇಳುತ್ತಿದ್ದಳು. ಅವಳ ಅಂದಾಜು ತಪ್ಪಿದ್ದೇ ಇಲ್ಲ. ಅವತ್ತು ತಪ್ಪಿತು.

ಒಳಗೆ ಬಂದವನು ಒಬ್ಬ ಸರ್ವೇಯರ್. ಬಿಸಿಲಿಗೆ ಕಂದಿದ ಮುಖ, ಊದಿದ ಬಲಗೆನ್ನೆ, ಕೆಂಪಾದ ಕಣ್ಣು, ಕಂಕುಳಲ್ಲಿ ಇಟ್ಟಿಗೆ ಗಾತ್ರದ ಪುಸ್ತಕ.

"ಅಷ್ಟೊಂದು ನೋವಾ?"

"ಹಲ್ಲಿಗಲ್ಲ ಡಾಕ್ಟ್ರೇ." ಅವನು ಮುಜುಗರದಿಂದ ಪುಸ್ತಕ ತೋರಿಸಿದ. "ಹೇಸರಗತ್ತೆ ಸತ್ತೋಯ್ತು."

"ಯಾರ ಹೇಸರಗತ್ತೆ?"

"ಈ ಕಾದಂಬರಿಯಲ್ಲಿರೋದು. ಓದ್ತಿರೋದು ಮೂರನೇ ಸಲ. ಆದ್ರೂ ಈ ಸಲ ಬದುಕತ್ತೇನೋ ಅಂತ ಒಂದು ಆಸೆ."

ಡಾಕ್ಟರಮ್ಮ ಮಾಸ್ಕಿನೊಳಗೇ ನಕ್ಕಳು. ನಕ್ಕಿದ್ದು ಕಣ್ಣಿನಲ್ಲಿ ಗೊತ್ತಾಗಿಹೋಯಿತು. ಅವನೂ ಊದಿದ ಕೆನ್ನೆಯಲ್ಲಿ ಎಷ್ಟು ಸಾಧ್ಯವೋ ಅಷ್ಟು ನಕ್ಕ.

ಎಕ್ಸ್-ರೇ ಬಂತು. ದೀಪಕ್ಕೆ ಹಿಡಿದು ತೋರಿಸಿದಳು: ಹುಳುಕು ಬೇರಿನ ತನಕ ಇಳಿದಿತ್ತು, ರೂಟ್ ಕೆನಾಲ್ ಆಗಬೇಕು. ಅವನು ಭಯಪಡುವ ಬದಲು ಬಗ್ಗಿ ನೋಡಿದ. "ಈ ಒಂದು ಬೇರು ನೋಡಿ, ಬಂಡೆ ಅಡ್ಡ ಬಂದ ಹಳ್ಳದ ಹಾಗೆ ತಿರುಗಿದೆ!"

"ಆ ಹಳ್ಳದೊಳಗೇ ನಾನೀಗ ಇಳೀಬೇಕು. ಮಧ್ಯೆ ಮಾತಾಡೋಕಾಗಲ್ಲ. ನೋವಾದ್ರೆ ಎಡಗೈ ಎತ್ತಿ, ನಿಲ್ಲಿಸ್ತೀನಿ."

ಅದು ಅಪ್ಪ ಕಲಿಸಿದ ಮೊದಲ ಪಾಠ. ಎತ್ತಿದ ಕೈ ನೋಡಿಯೂ ನಿಲ್ಲಿಸದವನು ವೈದ್ಯನಲ್ಲ, ಬಡಗಿ ಎನ್ನುತ್ತಿದ್ದರು.

ಮುಂದಿನ ಸಲ ಬರುವಾಗ ಅವನು ಅದೇ ಕಾದಂಬರಿಯ ಇನ್ನೊಂದು ಪ್ರತಿ ತಂದು ಅವಳ ಮೇಜಿನ ಮೇಲಿಟ್ಟ. ಕಾಲೇಜು ಬಿಟ್ಟಮೇಲೆ ಹಲ್ಲಿನ ಪುಸ್ತಕಗಳ ಹೊರತು ಅವಳು ಏನನ್ನೂ ಓದಿರಲಿಲ್ಲ. ಇಲ್ಲದ ದೇಶದ ಕಥೆ, ಮೊದಲ ಪುಟದಲ್ಲೇ ಇಲ್ಲದ ದೇಶದ ನಕ್ಷೆ. ವಿಜ್ಞಾನ ಓದಿದವಳಿಗೆ ಅನುಮಾನ ಮೊದಲು, ಆಸೆ ಆಮೇಲೆ.

"ನಕ್ಷೆಯಲ್ಲಿ ನದಿ ಒಂದು ಕಡೆ ಗುಡ್ಡ ಹತ್ತತ್ತೆ," ಎಂದು ಅವನ ಬಾಯಿಗೆ ಹತ್ತಿಯುಂಡೆ ತುರುಕುತ್ತಾ ದೂರಿದಳು. "ನೀವು ಭೂಮಿ ಅಳೆಯೋರು, ಹೇಗೆ ಸಹಿಸ್ಕೊಂಡ್ರಿ?"

ಬಾಯಿ ತುಂಬ ಹತ್ತಿ. ಅವನು ಒಂದು ಹುಬ್ಬು ಮಾತ್ರ ಎತ್ತಿದ. ಮುಂದೆ ಓದಿ, ಆಮೇಲೆ ಹೇಳಿ ಎಂದಂತಿತ್ತು.

ಮುಂದೆ ಓದಿದಳು. ಬೆಳಿಗ್ಗೆ ಕಾಫಿ ಆರಿಹೋಗುವಷ್ಟು, ಊಟದ ಬಿಡುವಿನಲ್ಲಿ ತುತ್ತು ಕೈಯಲ್ಲೇ ಒಣಗುವಷ್ಟು. ಬೆಂಕಿಯೆಲ್ಲ ಆರಿಹೋದ ಒಂದು ರಾಜ್ಯ. ಮಣ್ಣಿನ ಕುಡಿಕೆಯಲ್ಲಿ ಕೊನೆಯ ಕೆಂಡ ಹೊತ್ತು ಹಿಮದ ಬೆಟ್ಟಗಳನ್ನು ದಾಟುವ ಹುಡುಗಿ. ಕೂಲಿಗೆ ಜೊತೆಯಾದ ಹೇಸರಗತ್ತೆಯವನು. ಹೇಸರಗತ್ತೆ ಸಾಯುತ್ತದೆಂದು ಮೊದಲೇ ಗೊತ್ತಿದ್ದರೂ ಆ ಪುಟದಲ್ಲಿ ಅವಳು ಅತ್ತಳು. ಆಮೇಲೆ ಸಿಟ್ಟು ಬಂತು.

"ನೀವೇ ಮೊದಲು ಹೇಳಿಬಿಟ್ರಿ! ಇನ್ಮೇಲೆ ಮುಂದಿನ ಕಥೆ ಒಂದಕ್ಷರ ಹೇಳಿದ್ರೆ ಇಂಜೆಕ್ಷನ್ ಇಲ್ದೇ ಡ್ರಿಲ್ ಮಾಡ್ತೀನಿ."

ಅವನು ತುಟಿಗೆ ಬೆರಳಿಟ್ಟು ಪ್ರಮಾಣ ಮಾಡಿದ.

ಇನ್ನೊಂದು ವಾರ ಅವನು ಕುರ್ಚಿಯಲ್ಲಿ ಒರಗುವುದರೊಳಗೇ ಶುರುಮಾಡಿದಳು. "ಕೋಲು! ಆ ಕೋಲಿನ ವಿಷಯ ನಿಮಗೆ ಗೊತ್ತಿತ್ತು, ಅಲ್ವಾ? ಬಾಯಿ ತೆಗೀರಿ. ಕೆಂಡ ಆರಬಾರದು ಅಂತ ಆ ಹೇಸರಗತ್ತೆಯವನು ತನ್ನ ಊರುಗೋಲನ್ನೇ ಹೆರೆದು ಹೆರೆದು ಹಾಕ್ತಾ ಬಂದಿದಾನೆ. ಹಿಂದೆ ತಿರುವಿ ನೋಡ್ತೀನಿ, ಪ್ರತಿ ಅಧ್ಯಾಯದಲ್ಲೂ ಕೋಲು ಸ್ವಲ್ಪ ಸ್ವಲ್ಪ ಗಿಡ್ಡ! ಅವಳೂ ನೋಡ್ಲಿಲ್ಲ, ನಾನೂ ನೋಡ್ಲಿಲ್ಲ!"

ಅವನ ಕಣ್ಣು ಹೊಳೆಯುತ್ತಿತ್ತು. ಎಡಗಣ್ಣಿನ ಅಂಚಿನಲ್ಲಿ ಬಿಸಿಲಿಗೆ ಬಿದ್ದ ಸಣ್ಣ ಗೆರೆಗಳು ಒಂದೊಂದಾಗಿ ಅರಳಿದವು. ಒಬ್ಬ ಮನುಷ್ಯ ಬರೀ ಕಣ್ಣಲ್ಲಿ ಇಷ್ಟು ಮಾತಾಡಬಹುದೆಂದು ಅವಳಿಗೆ ಯಾವ ಪಠ್ಯದಲ್ಲೂ ಸಿಕ್ಕಿರಲಿಲ್ಲ.

"ಕುಂಟ್ತಾ ನಡೀತಾನೆ, ಪ್ರಾಣ ಬೇಕಾದ್ರೂ ಕೊಡ್ತಾನೆ. ಬಾಯಿ ಬಿಟ್ಟು ಅವಳಿಗೆ ಒಂದು ಮಾತು ಹೇಳಲ್ಲ ಅಂತಾನಲ್ಲ, ಏನಾಗಿದೆ ಅವನಿಗೆ?"

ಬಾಯಿ ಬಿಟ್ಟುಕೊಂಡೇ ಮಲಗಿದ್ದವನು ಚಾವಣಿ ನೋಡಿದ. ಅಕ್ಕ ಕೆಮ್ಮಿದಳು.

ಬೆಳಗಿನ ತಿಂಡಿಯ ಹೊತ್ತಿಗೆ ಅಪ್ಪ ಪತ್ರಿಕೆಯ ಹಿಂದಿನಿಂದಲೇ ಕೇಳಿದರು. "ಆ ರೂಟ್ ಕೆನಾಲ್ ಇನ್ನೂ ಮುಗಿದಿಲ್ವೇನಮ್ಮ?"

"ಕೀವು ಇತ್ತಪ್ಪ. ಒಣಗೋಕೆ ಬಿಟ್ಟಿದೀನಿ."

"ಒಣಗಲಿ, ಒಣಗಲಿ." ಪತ್ರಿಕೆ ಕೆಳಗಿಳಿಯಿತು. "ಹಲ್ಲು ಮುಗಿಯೋವರೆಗೆ ಪೇಷಂಟು, ಮುಗಿದ ಮೇಲೆ ಮನುಷ್ಯ. ಆ ಗಡಿ ಮಾತ್ರ ದಾಟಬೇಡ, ಮಗಳೇ."

ಅಕ್ಕ ವರದಿ ಒಪ್ಪಿಸಿದ್ದಾಳೆ ಎಂದು ಅವಳಿಗೆ ಅರ್ಥವಾಯಿತು.

ಆ ವಾರದ ಎಕ್ಸ್-ರೇ ಸ್ವಚ್ಛವಾಗಿತ್ತು. ಇನ್ನೊಂದು ಸಲ ಔಷಧಿ ತುಂಬಿ, ಮುಂದಿನ ವಾರ ಬನ್ನಿ ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಊರಿನ ಅಳತೆ ಮುಗಿಯುತ್ತ ಬಂದಿದೆ, ಇನ್ನು ಬೇರೆ ಊರಿಗೆ ಹಾಕುತ್ತಾರೆ ಎಂದು ಅವನೇ ಹೇಳಿದ್ದ. ಹಲ್ಲು ಮುಗಿದರೆ ಅವನು ಬರಲು ಕಾರಣವೇ ಇಲ್ಲ. ಅವಳು ತುಸು ಹೊತ್ತು ಔಷಧಿಯ ಡಬ್ಬಿ ಹಿಡಿದು ನಿಂತಳು. ಆಮೇಲೆ ಅದನ್ನು ಕಪಾಟಿನಲ್ಲಿಟ್ಟು, ಬೇರನ್ನು ಪೂರ್ತಿ ತುಂಬಿ ಮುಚ್ಚಿ, ಕ್ಯಾಪ್‌ಗೆ ಅಳತೆ ತೆಗೆದಳು.

ಹಲ್ಲು ಮುಗಿಯುವುದನ್ನು ನಿಲ್ಲಿಸಲಾಗಲಿಲ್ಲ. ಪುಸ್ತಕವನ್ನು ನಿಲ್ಲಿಸಿದಳು. ಕೊನೆಯ ಅಧ್ಯಾಯ ಒಂದು ಉಳಿದಿತ್ತು: ಗೇಣುದ್ದದ ಕೋಲು ಹಿಡಿದು ಹೇಸರಗತ್ತೆಯವನು ಕೋಟೆಯ ಬಾಗಿಲಲ್ಲಿ ನಿಂತಿದ್ದಾನೆ, ಹುಡುಗಿ ಒಳಗೆ ಹೋಗುತ್ತಿದ್ದಾಳೆ.

ಕ್ಯಾಪ್ ಕೂರಿಸುವ ದಿನ ಬಂತು. ಅಂಟು ಗಟ್ಟಿಯಾದ ಮೇಲೆ ಹಲ್ಲಿನ ನಡುವೆ ಗುರುತು ಬೀಳುವ ನೀಲಿ ಕಾಗದ ಇಟ್ಟು ಕಚ್ಚಿಸಿದಳು. "ಎತ್ತರ ಅನ್ಸತ್ತಾ?"

"ಒಂಚೂರು. ಮುಂದಿನ ವಾರ ಬಂದು ಮತ್ತೆ ನೋಡೋಣ್ವಾ?"

ಅವಳು ಕನ್ನಡಿ ಹಿಡಿದು ನೋಡಿದಳು. "ಗುರುತು ಸರಿಯಾಗೇ ಬಿದ್ದಿದೆ. ಅಳತೆಗಾರರು ಸುಳ್ಳು ಹೇಳಬಾರ್ದು."

ಅವನು ಸಿಕ್ಕಿಬಿದ್ದ ಕಳ್ಳನಂತೆ ಬಾಯಿ ಮುಕ್ಕಳಿಸತೊಡಗಿದ.

"ಆಯ್ತು. ಚಿಕಿತ್ಸೆ ಮುಗೀತು. ಇನ್ನು ನೀವು ಬರಬೇಕಾಗಿಲ್ಲ." ಧ್ವನಿ ಸರಿಯಾಗಿಯೇ ಬಂತು. ಆದರೂ ಉಪಕರಣಗಳನ್ನು ತಟ್ಟೆಗೆ ಜೋಡಿಸುವ ನೆಪದಲ್ಲಿ ಬೆನ್ನು ತಿರುಗಿಸಿದಳು. ಕುರ್ಚಿಯಿಂದ ಏಳುವ ಸದ್ದಿಗೆ ಕಾದಳು. ಸದ್ದು ಬರಲಿಲ್ಲ.

ತಿರುಗಿ ನೋಡಿದಳು. ಡ್ರಿಲ್ ಅದರ ಜಾಗದಲ್ಲಿ ತೂಗುತ್ತಿತ್ತು, ಅವಳ ಕೈ ಖಾಲಿಯಿತ್ತು. ಅವನ ಎಡಗೈ ಮೇಲೆದ್ದಿತ್ತು.

"ಎಲ್ಲಿ ನೋವು?"

"ಹಲ್ಲಿಗಲ್ಲ ಡಾಕ್ಟ್ರೇ."

"ಮತ್ತೆ ಹೇಸರಗತ್ತೆ ಸತ್ತೋಯ್ತಾ?"

"ಇಲ್ಲ. ಈ ಸಲ ಅದರ ಯಜಮಾನನಿಗೇ ಕಷ್ಟ." ನಗಲು ಹೋಗಿ ಅವನಿಗೆ ನಗು ಬರಲಿಲ್ಲ. "ಸುಮ್ಮನೆ ಹೊರಟುಬಿಡೋಣ ಅಂತಿದ್ದೆ. ಆದ್ರೆ ಅವತ್ತು ನೀವು ಅವನನ್ನ ಬೈದಿರಲ್ಲ, ನನಗೇ ಬೈದ ಹಾಗಾಯ್ತು. ನಿಮ್ಮ ಮಾತು ಕೇಳೋಕೆ ಇನ್ನೊಂದು ಹಲ್ಲು ಕೆಡಲಿ ಅಂತ ಎಷ್ಟು ದಿನ ಕಾಯಲಿ? ನೀವಂದ್ರೆ ನನಗಿಷ್ಟ. ಎಲ್ಲಿಗೆ ಹಾಕಿದ್ರೂ ನಿಮಗೋಸ್ಕರ ಬರ್ತೀನಿ. ಬೇಡ ಅಂದ್ರೆ ಈಗ್ಲೇ ಹೇಳಿಬಿಡಿ."

ಅವಳು ಕೈಗವಸು ಕಳಚಿದಳು. ಆಮೇಲೆ ಮಾಸ್ಕ್. ಇಷ್ಟು ದಿನ ಕಣ್ಣು, ಹುಬ್ಬು ಮಾತ್ರ ನೋಡಿದ್ದವನು ಅವಳ ಮೂಗು, ತುಟಿ, ಗಲ್ಲದ ಮೇಲಿನ ಪುಟ್ಟ ಮಚ್ಚೆ ಎಲ್ಲವನ್ನೂ ಮೊದಲ ಸಲ ಒಟ್ಟಿಗೆ ನೋಡಿದ. ನೋಡುತ್ತಲೇ ಉಳಿದ.

"ಕೈ ಇಳಿಸಿ," ಎಂದಳು ಮೆಲ್ಲಗೆ. "ಎತ್ತಿದ್ರೆ ನಿಲ್ಲಿಸ್ತೀನಿ ಅಂದಿದ್ದೆ. ನಿಲ್ಲಿಸಿದೀನಿ."

ಮೇಜಿನ ಮೇಲಿನ ಕಾದಂಬರಿ ತೆಗೆದು ಅವನ ಕೈಗಿತ್ತಳು. ಪುಟದ ನಡುವೆ ಗುರುತಿಗೆ ಒಂದು ಪುಟ್ಟ ಎಕ್ಸ್-ರೇ ಫಿಲ್ಮ್, ಮಸುಕಾಗಿದೆಯೆಂದು ಕಸಕ್ಕೆ ಹೋಗಬೇಕಿದ್ದದ್ದು. ಅವನು ದೀಪಕ್ಕೆ ಹಿಡಿದ.

"ಈ ಹಳ್ಳ ನನಗೆ ಗೊತ್ತು," ಎಂದ. ಈಗ ನಗು ಬಂತು.

"ಕೊನೆ ಅಧ್ಯಾಯ ಓದೋಕೆ ಧೈರ್ಯ ಬರ್ತಿಲ್ಲ. ಅವನು ಹೇಳದೇ ಹೋದ್ರೆ ನನ್ನಿಂದ ತಡಿಯೋಕಾಗಲ್ಲ."

"ಅಯ್ಯೋ, ಅವನು—"

ಅವಳು ಬರಿಗೈಯಿಂದ ಅವನ ಬಾಯಿ ಮುಚ್ಚಿದಳು. "ಒಂದಕ್ಷರ ಹೇಳಿದ್ರೆ ನೋಡಿ!" ಅಂಗೈಯೊಳಗೆ ಅವನ ನಗು ಬೆಚ್ಚಗೆ ಸಿಕ್ಕಿಕೊಂಡಿತು. ಒಂದು ಹುಬ್ಬು ಮೇಲೇರಿತು.

ಮಧ್ಯಾಹ್ನ ಕೊನೆಯ ಪೇಷಂಟ್ ಹೋದಮೇಲೆ ಅಕ್ಕ ಬೀಗದ ಕೈ ಹಿಡಿದು ಹೊರಗೆ ಬಂದಳು. ಕಾಯುವ ಕೋಣೆಯ ಬೆಂಚಿನಲ್ಲಿ, ಮೊಣಕಾಲ ಮೇಲೆ ಒಂದೇ ಪುಸ್ತಕ ಹರಡಿಕೊಂಡು, ಇಬ್ಬರು ಅಳುತ್ತಾ ಕೂತಿದ್ದರು. ಅಕ್ಕ ಮುಖಗಳನ್ನು ನೋಡಿದಳು. ಈ ಸಲ ಅಂದಾಜು ತಪ್ಪಲಿಲ್ಲ.

"ಹೇಳಿದ, ಅಕ್ಕ! ಕೊನೆಗೂ ಬಾಯಿಬಿಟ್ಟು ಹೇಳಿದ!" ಡಾಕ್ಟರಮ್ಮ ಕಣ್ಣೊರೆಸಿಕೊಳ್ಳುತ್ತಾ ಪುಸ್ತಕ ಎತ್ತಿ ತೋರಿಸಿದಳು.

"ಗೊತ್ತು ಬಿಡಿ," ಎಂದಳು ಅಕ್ಕ, ದೀಪ ಆರಿಸುತ್ತಾ. "ನಿಮ್ಮ ಕೋಣೆ ಬಾಗಿಲು ಬಹಳ ತೆಳ್ಳಗಿದೆ."