ಒಂಬತ್ತನೇ ಕ್ಲಾಸಿಗೆ ಬಂದ ವರದಿಗಾರ

“ನನ್ನ ವರದೀನ ಮಕ್ಕಳ ಕೈಲಿ ಜಾಲಾಡಿಸ್ತಿರೋ ವೇದಾವತಿ ಮೇಡಂ ಯಾರ್ರೀ?”

ಒಂಬತ್ತನೇ ಕ್ಲಾಸಿನ ಬಾಗಿಲಲ್ಲಿ ಹೆಲ್ಮೆಟ್ ಹಿಡಿದು ನಿಂತಿದ್ದವನು ರಂಗೇಶ್, ತಾಲ್ಲೂಕು ಪತ್ರಿಕೆಯ ವರದಿಗಾರ. ಕೋಪಕ್ಕೆ ಮೂಗು ಕೆಂಪಾಗಿತ್ತು. ಚೆನ್ನಾಗಿಯೇ ಕಾಣುತ್ತಿದ್ದ, ಸುಳ್ಳು ಯಾಕೆ ಹೇಳಲಿ.

“ನಾನೇ. ಬನ್ನಿ ಒಳಗೆ,” ಅಂದೆ.

ಹೊಳವನಹಳ್ಳಿ ಹೈಸ್ಕೂಲಿನ ಕನ್ನಡ ಮೇಡಂ ನಾನು. ಕಥೆ, ಪದ್ಯದ ಜೊತೆಗೆ ಪೇಪರು, ಜಾಹೀರಾತು, ಭಾಷಣಗಳನ್ನೂ ಮಕ್ಕಳಿಗೆ ಕೊಡುತ್ತೇನೆ. ಬರೆದವರು ನಿಜವಾಗಿ ಕಂಡದ್ದೆಷ್ಟು, ನಮ್ಮ ಕಣ್ಣಿಗೆ ಮಣ್ಣೆರಚಿದ್ದೆಷ್ಟು, ಅವರ ಮಾತಿನಿಂದಲೇ ಹಿಡಿಯಿರಿ ಅನ್ನುತ್ತೇನೆ. ಆ ವಾರ ಕೊಟ್ಟಿದ್ದು ನಮ್ಮ ಶಾಲೆಯ ವಾರ್ಷಿಕೋತ್ಸವದ ಬಗ್ಗೆ ಇವನೇ ಬರೆದ ವರದಿ. ಸುದ್ದಿ ಹೇಗೋ ಇವನ ಕಿವಿಗೂ ಬಿದ್ದಿತ್ತು.

ಮುಂದಿನ ಬೆಂಚಿನ ರಕ್ಷಾ ಎದ್ದು ನಿಂತಳು. “ಸಾರ್, ‘ಗಣ್ಯರು ದೀಪ ಬೆಳಗಿದರು, ಜನಸಾಗರ ಹರಿದುಬಂತು.’ ಇದ್ನ ಯಾವ ಸ್ಕೂಲಿಗಾದ್ರೂ ಬರೀಬೋದು. ಕಣ್ಣಾರೆ ನೋಡಿದ್ದು ಒಂದೂ ಇಲ್ಲ. ಚೀಫ್ ಗೆಸ್ಟ್ ಬರಲೇ ಇಲ್ಲ ಸಾರ್. ದೀಪ ಹಚ್ಚಿದ್ದು ಬಿಸಿಯೂಟದ ಪಟಾಲಮ್ಮ!”

ಕ್ಲಾಸು ಘೊಳ್ಳೆಂದು ನಕ್ಕಿತು. ರಂಗೇಶ್ ಹೆಲ್ಮೆಟನ್ನು ಮೆಲ್ಲಗೆ ಡೆಸ್ಕಿನ ಮೇಲಿಟ್ಟ.

“ಇನ್ವಿಟೇಶನ್ ನೋಡಿ ಹಿಂದಿನ ದಿನಾನೇ ಬರ್ದು ಕಳ್ಸಿಬುಟ್ಟಿದ್ದೆ ಕಣ್ರೋ. ನಾವೆಲ್ಲ ಮಾಡೋದೇ ಅಂಗೆ. ತಪ್ಪಾಯ್ತು.”

ಮಕ್ಕಳ ಮುಂದೆ ತಪ್ಪೊಪ್ಪಿಕೊಂಡ ಗಂಡಸನ್ನು ನಾನು ಅದೇ ಮೊದಲು ನೋಡಿದ್ದು. ನನ್ನ ಮನಸ್ಸು ಅಲ್ಲೇ ಜಾರಿತು.

ಆಮೇಲೆ ಪ್ರತಿ ಶನಿವಾರ ಅವನೇ ಹಳೇ ಪೇಪರಿನ ಕಟ್ಟು ತಂದುಕೊಟ್ಟ. ಪಾಠ ಮುಗಿಯುವವರೆಗೂ ಹಿಂದಿನ ಬೆಂಚಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ. ನಾನು ತಿರುಗಿದರೆ ಫ್ಯಾನ್ ನೋಡುತ್ತಿದ್ದ. ಆ ಫ್ಯಾನು ಕೆಟ್ಟು ವರ್ಷವಾಗಿತ್ತು.

ಹೀಗಿರುವಾಗ ಶಿರಾದಿಂದ ಅಪ್ಪನ ಫೋನ್ ಬಂತು. “ಭಾನ್ವಾರ ಗಂಡಿನ ಕಡೆಯೋರು ನೋಡಕ್ಕೆ ಬರ್ತಾವ್ರೆ ಕಣಮ್ಮ. ಹುಡುಗ ನಂಗೆ ಒಪ್ಗೆ ಆಗವ್ನೆ.”

ಸಂಜೆ ಬಸ್‌ಸ್ಟಾಪಿನಲ್ಲಿ ರಂಗೇಶನಿಗೆ ಹೇಳಿದೆ. ಅವನ ಮುಖ ಬಾಡಿತು.

“ಒಳ್ಳೇದಾಗ್ಲಿ ಮೇಡಂ. ನಿಮ್ಮಂಥೋರು ಸಿಗೋದು ಅವರ ಪುಣ್ಯ.”

“ಈ ಮಾತನ್ನ ಯಾರು ಬೇಕಾದ್ರೂ ಯಾರಿಗಾದ್ರೂ ಹೇಳಬಹುದು. ನಿಮಗೇನಾಗ್ತಿದೆ, ಅದನ್ನ ಹೇಳ್ರೀ.”

ಅವನು ತಲೆಯೆತ್ತಿದ. “ಹೊಟ್ಟೆ ಉರೀತೈತೆ. ಶನಿವಾರ ಬಂದ್ರೆ ಕೋಳಿ ಕೂಗೋಕ್ ಮುಂಚೇನೇ ಎಚ್ಚರ ಆಯ್ತದೆ. ನಿಮ್ಮನ್ನ ಬುಟ್ಟು ನಂಗಿರಕ್ಕಾಗಲ್ಲ. ಆದ್ರೆ ನಂದು ಪರ್ಮನೆಂಟ್ ಕೆಲ್ಸ ಅಲ್ಲ. ಯಾವ ಮುಖ ಇಟ್ಕೊಂಡು ನಿಮ್ಮಪ್ಪನ್ನ ಕೇಳ್ಲಿ?”

“ನಂದು ಪರ್ಮನೆಂಟು. ಸಾಕು ಬಿಡಿ.”

ಕೊರಟಗೆರೆ ಬಸ್ಸು ಬಂದು ನಿಂತು ಹೋಯಿತು. ನಾನು ಹತ್ತಲಿಲ್ಲ. ಅವನ ಎದುರಿಗೇ ಅಪ್ಪನಿಗೆ ಫೋನ್ ಮಾಡಿದೆ.

“ಅಪ್ಪಾ, ಅವ್ರಿಗೆ ಬರಬೇಡಿ ಅಂತ ಹೇಳ್ಬುಡು. ಭಾನುವಾರ ನಾನೇ ಹುಡುಗನ್ನ ಕರ್ಕೊಂಡು ಬರ್ತೀನಿ.”

ಯಾರು, ಯಾವೂರು, ಏನು ಕೆಲಸ ಅಂತ ಅಪ್ಪ ಒಂದೊಂದಾಗಿ ಕೇಳಿದರು; ಎಲ್ಲಾ ಹೇಳಿದೆ. ರಂಗೇಶ್ ಹೆಲ್ಮೆಟ್ ತಬ್ಬಿಕೊಂಡು ನಿಂತಿದ್ದ.

“ನೀನು ಹಟ ಹಿಡಿದ್ರೆ ನಾನೇನು ಗೆಲ್ಲಕ್ಕಾಯ್ತದಾ?” ಅಂದರು ಕೊನೆಗೆ. “ಬಾಡು ತಿಂತಾನಾ ಕೇಳಮ್ಮ. ತಿನ್ನಂಗಿದ್ರೆ ಕೋಳಿ ಕುಯ್ಸಕ್ಕೆ ಹೇಳ್ಬೇಕು.”